ರಾವೆಗೆ ಹೊರಡುವ ಮುಂಚೆ ನಾನು ಗುರಿ ಬರೆದುಕೊಂಡ ಬಗೆ

ಬಿಎಸ್ಸಿ ಕೃಷಿ ಓದುವವರಿಗೆ ಕೊನೆಯ ವರ್ಷ ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಇರುತ್ತದೆ. ನಾವು ‘ರಾವೆ’ ಅಂತಲೇ ಕರೆಯೋದು. ಹಳ್ಳಿಯಲ್ಲೇ ಉಳಿದು ಒಬ್ಬ ರೈತರ ಜೊತೆ ಕೆಲಸ ಮಾಡಬೇಕು. ನನಗೆ ಸಿಕ್ಕಿದ್ದು ತುಮಕೂರು ಜಿಲ್ಲೆಯ ಒಂದು ಊರು. ಮಳೆ ನಂಬಿದ ರಾಗಿ, ಕಡಲೆಕಾಯಿ, ಮನೆ ಮುಂದೆ ಹಸು.

ಟಾರ್ಚು, ಟೋಪಿ, ಓಆರ್‌ಎಸ್ ಪಟ್ಟಿಯನ್ನು ಸೀನಿಯರ್‌ಗಳೇ ಕೊಡ್ತಾರೆ. ಕಲಿಕೆಯ ಗುರಿ ಬರೆಯೋದು ಮಾತ್ರ ಯಾರೂ ಹೇಳಿಕೊಡಲ್ಲ. ಹಳೇ ರಿಪೋರ್ಟ್‌ಗಳನ್ನು ತಿರುವಿ ಹಾಕಿದರೆ ‘ಮಣ್ಣು ಪರೀಕ್ಷೆಯ ಮಹತ್ವ ತಿಳಿಯುವುದು’ ಅನ್ನೋ ಥರದ ಸಾಲುಗಳೇ ಜಾಸ್ತಿ. ಅದು ಕಾಲೇಜಿನಲ್ಲೇ ತಿಳಿದಿರುತ್ತೆ, ಅಲ್ವಾ? ಹಾಗಾಗಿ ಪ್ರತಿ ಗುರಿಯಲ್ಲೂ ನಾನು ಮುಗಿಸಬೇಕಾದ ಒಂದು ಕೆಲಸ, ಅದು ಸರಿಯಾಯ್ತು ಅಂತ ಹೇಳಬೇಕಾದ ಒಬ್ಬರು, ಎರಡನ್ನೂ ಬರೆದೆ.

ಮೊದಲನೇದು ಹೀಗಿತ್ತು: ರೈತರ ಹೊಲದ ಮಣ್ಣು ನಾನೇ ತೆಗೆದು, ಪರೀಕ್ಷೆ ಮಾಡಿಸಿ, ಎಕರೆಗೆ ಎಷ್ಟು ಗೊಬ್ಬರ ಅಂತ ಅವರಿಗೆ ಅರ್ಥವಾಗುವಂತೆ ಹೇಳುವುದು. ಮಣ್ಣು ತೆಗೆಯೋದು ಸುಲಭ. ಬದು, ಮರದ ನೆರಳು, ತಿಪ್ಪೆಯ ಪಕ್ಕ ಬಿಟ್ಟು ಅಂಕುಡೊಂಕಾಗಿ ನಡೆದು ಹತ್ತು ಹದಿನೈದು ಕಡೆ 15 ಸೆಂ.ಮೀ. ಆಳಕ್ಕೆ ‘ವಿ’ ಆಕಾರದ ಗುಂಡಿ ತೆಗೆಯಬೇಕು. ಎಲ್ಲಾ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರು ಪಾಲು ಉಳಿಸಿಕೊಳ್ಳುತ್ತಾ ಅರ್ಧ ಕೆಜಿಗೆ ಇಳಿಸಬೇಕು.

ಕಷ್ಟ ಇದ್ದದ್ದು ಮಣ್ಣು ಪರೀಕ್ಷೆಯ ಫಲಿತಾಂಶದ ಚೀಟಿ ಬಂದ ಮೇಲೆ. ಅದು ಹೆಕ್ಟೇರ್ ಲೆಕ್ಕ ಹೇಳುತ್ತೆ, ರೈತರದ್ದು ಎಕರೆ ಲೆಕ್ಕ. ಅದರಲ್ಲಿ ಸಾರಜನಕ ಇರುತ್ತೆ, ಅಂಗಡಿಯಲ್ಲಿ ಮೂಟೆ ಇರುತ್ತೆ. “ಇದೆಲ್ಲಾ ಸರಿ, ಎಷ್ಟು ಮೂಟೆ ತರ್ಲಿ ಹೇಳಪ್ಪ” ಅಂದರು ಯಜಮಾನರು. ಈ ಲೆಕ್ಕವನ್ನು ಊರಿಗೆ ಹೋಗೋ ಮುಂಚೆಯೇ ಅಭ್ಯಾಸ ಮಾಡಿದ್ದೆ. ಹೆಕ್ಟೇರಿಗೆ 50 ಕೆಜಿ ಸಾರಜನಕ, 40 ಕೆಜಿ ರಂಜಕ ಅಂದರೆ ಎಕರೆಗೆ 20 ಮತ್ತು 16. ಆ ರಂಜಕಕ್ಕೆ ಡಿಎಪಿ (ರಂಜಕ, ಸಾರಜನಕ ಎರಡೂ ಇರೋ ಗೊಬ್ಬರ) ಸುಮಾರು 35 ಕೆಜಿ. ಅದರಲ್ಲೇ 6 ಕೆಜಿ ಸಾರಜನಕ ಬಂತು, ಮಿಕ್ಕದ್ದಕ್ಕೆ ಯೂರಿಯಾ 30 ಕೆಜಿ. ಡಿಎಪಿ ಮೂಟೆ 50 ಕೆಜಿ, ಯೂರಿಯಾದ್ದು 45. ಎರಡರಲ್ಲೂ ಮುಕ್ಕಾಲು ಮೂಟೆಗಿಂತ ಸ್ವಲ್ಪ ಕಮ್ಮಿ. ಪೊಟ್ಯಾಷ್ ಬೇರೆ. ಅವರು ಇದನ್ನು ಪಕ್ಕದ ಹೊಲದವರಿಗೆ ತಾವೇ ವಿವರಿಸಿದಾಗ ಆ ಸಾಲಿನ ಮುಂದೆ ಗುರುತು ಹಾಕಿಕೊಂಡೆ.

ಇನ್ನೊಂದು ಮಾತು. ಗುರಿ ಬರೆಯೋ ಮುಂಚೆ ರೈತರಿಗೆ ಫೋನ್ ಮಾಡಿ ಬಿತ್ತನೆ ಯಾವಾಗ ಅಂತ ಕೇಳಿದ್ದೆ. ಕಡಲೆಕಾಯಿ ಬೀಜಕ್ಕೆ ಟ್ರೈಕೋಡರ್ಮ (ರೋಗ ತಡೆಯೋ ಉಪಕಾರಿ ಶಿಲೀಂಧ್ರ) ಹಚ್ಚಿ ತೋರಿಸಬೇಕು ಅಂದರೆ ಬಿತ್ತೋಕೆ ಮುಂಚೆ ಅಲ್ಲಿರಬೇಕು. ಕೆಜಿ ಬೀಜಕ್ಕೆ 4 ಗ್ರಾಂ, ಅಷ್ಟೇ ಕೆಲಸ. ಆದರೆ ದಿನ ತಪ್ಪಿದರೆ ಸುಮ್ನೆ ಫೋಟೋಗೆ ನಿಲ್ಲಬೇಕಾಗುತ್ತೆ.

ಕೊನೆಯ ಸಾಲನ್ನು ಬೇಕಂತಲೇ ಖಾಲಿ ಬಿಟ್ಟಿದ್ದೆ. ಊರಲ್ಲಿ ಏನು ಕಲಿಯೋಕಿದೆ ಅಂತ ಇಲ್ಲೇ ಕೂತು ಪೂರ್ತಿ ಹೇಳೋಕಾಗಲ್ಲ. ಅದನ್ನು ತುಂಬಿಸಿದ್ದು ಮನೆಯ ಅಕ್ಕ. ಹಸು ಬೆದೆಗೆ ಬಂದದ್ದನ್ನು ಕೂಗಿನಿಂದ, ಲೋಳೆಯಿಂದ ಗುರುತಿಸೋದು ಹೇಳಿಕೊಟ್ಟರು. ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಗ್ಗೆ ಇಂಜೆಕ್ಷನ್, ಅಂದರೆ ಕೃತಕ ಗರ್ಭಧಾರಣೆ, ಕೊಡಿಸಬೇಕು. ಕಾಲೇಜಿನ ಗೈಡ್ ಭೇಟಿಗೆ ಬಂದಾಗ ಅದನ್ನೂ ಗುರಿ ಅಂತ ಸೇರಿಸಿ ಸಹಿ ಹಾಕಿಸಿಕೊಂಡೆ. ಸರಿಯಾಯ್ತು ಅಂತ ಹೇಳಬೇಕಾದವರ ಜಾಗದಲ್ಲಿ ಅಕ್ಕನ ಹೆಸರು ಬರೆದೆ.