ಗಾಲಿಕುರ್ಚಿ ಇರುವ ಮನೆಗೆ ರ‍್ಯಾಂಪ್: ಮಂಗಳೂರು, ಉಡುಪಿಗೆ ಹೊಸದಾಗಿ ಬಂದವರಿಗೆ

ದಾವಣಗೆರೆಯಿಂದ ಇಲ್ಲಿಗೆ ಬಂದ ಮೊದಲ ಮೂರು ತಿಂಗಳು ನಮ್ಮತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಹೊತ್ತು ಮೆಟ್ಟಿಲು ಇಳಿಸುತ್ತಿದ್ದೆವು. ಯಾರನ್ನು ಕೇಳಬೇಕೆಂದು ಗೊತ್ತಿರಲಿಲ್ಲ, ಕೇಳಲು ಸಂಕೋಚ ಬೇರೆ. ನೀವು ಹಾಗೆ ಮಾಡಬೇಡಿ. ಸಾಮಾನು ಇಳಿಸಿದ ವಾರವೇ ನಮ್ಮ ಸಂಘಕ್ಕೆ ತಿಳಿಸಿ. ನಮ್ಮಲ್ಲಿರುವ ನಿವೃತ್ತ ಎಂಜಿನಿಯರರು ಭಾನುವಾರ ಬಂದು, ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರಿನ ಕೊಳವೆ) ಹಿಡಿದು ರ‍್ಯಾಂಪಿಗೆ ಅಳತೆ ಹಾಕಿಕೊಡುತ್ತಾರೆ. ಇದುವರೆಗೆ ಯಾರಿಂದಲೂ ಒಂದು ರೂಪಾಯಿ ತೆಗೆದುಕೊಂಡಿಲ್ಲ.

ಇಳಿಜಾರು

ಇದನ್ನು ಮೇಸ್ತ್ರಿಯ ಅಂದಾಜಿಗೆ ಬಿಡಲೇಬೇಡಿ. “ಬೈಕ್ ಹತ್ತಿದರೆ ಸಾಕಲ್ಲ” ಎಂದು ನಮ್ಮ ಮೇಸ್ತ್ರಿ ಕಟ್ಟಿದರು. ಬೈಕೇನೋ ಹತ್ತಿತು, ಕುರ್ಚಿ ಹಿಂದಕ್ಕೆ ವಾಲಿ ಅತ್ತೆ ಬಿದ್ದರು. ಆಮೇಲೆ ಅವರು ಅಂಗಳಕ್ಕೆ ಬರಲು ಒಪ್ಪಿದ್ದು ದೀಪಾವಳಿಗೆ. ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ, ಅಂದರೆ 1:12. ಆರಾರು ಇಂಚಿನ ಮೂರು ಮೆಟ್ಟಿಲಿದ್ದರೆ 18 ಅಡಿ ಬೇಕು. ಅಂಗಳ ಸಾಲದಿದ್ದರೆ ಎಲ್ ಆಕಾರದಲ್ಲಿ ತಿರುಗಿಸಿ. ತಿರುವಿನಲ್ಲೂ ಬಾಗಿಲೆದುರೂ 5 ಅಡಿ ಚೌಕದ ಸಮತಟ್ಟು ಜಾಗ ಬಿಡಿ. ಎತ್ತರ 30 ಇಂಚು ದಾಟಿದರೆ ನಡುವೆಯೂ ಅಂಥದೇ ಸಮತಟ್ಟು ಜಾಗ ಬೇಕು. ಅಗಲ 4 ಅಡಿ ಇದ್ದರೆ ಒಳ್ಳೆಯದು, 3ಕ್ಕಿಂತ ಕಡಿಮೆ ಬೇಡ. ಎರಡೂ ಬದಿ ರೇಲಿಂಗ್, ಮುಂದಿನ ಚಿಕ್ಕ ಚಕ್ರ ಜಾರದಂತೆ ಅಂಚಿಗೆ ಎರಡು ಇಂಚಿನ ದಂಡೆ. ಉದ್ದ ಕಡಿಮೆ ಮಾಡಿ ದುಡ್ಡು ಉಳಿಸಲು ಹೋಗಿ ನಾವು ಎರಡು ಸಲ ಕಟ್ಟಿಸಿದೆವು.

ಮಳೆ

ಬಯಲುಸೀಮೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆರಳು ಬೀಳುವ ಸಿಮೆಂಟೆಲ್ಲ ಪಾಚಿಗಟ್ಟುತ್ತದೆ. ಗ್ರಾನೈಟ್, ನುಣುಪು ಟೈಲ್ಸ್ ಬೇಡವೇ ಬೇಡ. ಕಾಂಕ್ರೀಟ್ ಹಸಿಯಿರುವಾಗಲೇ ಹಿಡಿಸೂಡಿಯಿಂದ (ಕಡ್ಡಿಪೊರಕೆ) ಅಡ್ಡಡ್ಡ ಗೀರು ಎಳೆಸಿ. ತುಳುನಾಡಿನವರು ಮಳೆಗಾಲದ ಗಡಿ ಎಂದು ಎಣಿಸುವ ಪತ್ತನಾಜೆ ಬರುವುದು ಮೇ ಕೊನೆಯ ವಾರದ ಹೊತ್ತಿಗೆ. ಅದಕ್ಕೆ ಮೊದಲೇ ಕೆಲಸ ಮುಗಿಸಿ, ಒಂದು ವಾರವಾದರೂ ನೀರುಣಿಸಿ. ಅಂಗಳದ ನೀರು ಹರಿದುಹೋಗಲು ರ‍್ಯಾಂಪಿನಡಿ ಪೈಪ್ ಹಾಕಿಸದಿದ್ದರೆ ನೀರು ಪಾಯಕ್ಕೇ ನಿಲ್ಲುತ್ತದೆ. ಪಾಚಿ ಕಂಡ ದಿನವೇ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಚೆನ್ನಾಗಿ ತೊಳೆಯಿರಿ.

ಹೊಸ್ತಿಲು

ಕೀಳಿಸಬೇಕಾಗಿಲ್ಲ. ಎರಡೂ ಬದಿಗೆ ಮರದ ಇಳಿಜಾರು ಹಲಗೆ ಇಡಿ, ಹೊಸ್ತಿಲ ಪೂಜೆಯ ಹೊತ್ತಿಗೆ ತೆಗೆದರಾಯಿತು.

ಬಾಡಿಗೆ ಮನೆ

ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಬಿಚ್ಚಿ ಒಯ್ಯುವಂಥ ಲೋಹದ ರ‍್ಯಾಂಪ್ ಮಾಡಿಸಿ. ಉಪ್ಪುಗಾಳಿಗೆ ಬರೀ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ವೆಲ್ಡರ್‌ಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಎಂದೇ ಹೇಳಿ.

ಸರ್ಕಾರದ ಸಹಾಯ

ಹಳ್ಳಿಯಲ್ಲಿ: ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು.
ಪಟ್ಟಣದಲ್ಲಿ: ನಗರ ಪುನರ್ವಸತಿ ಕಾರ್ಯಕರ್ತರು.
ಜಿಲ್ಲೆಗೆ: ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿ.
ಜೊತೆಗೆ ಒಯ್ಯಬೇಕಾದ್ದು: ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ), ಆಧಾರ್.

ಸ್ಥಳೀಯ ಸಂಸ್ಥೆಗಳಲ್ಲಿ ವಿಕಲಚೇತನರಿಗೆಂದೇ ಶೇ. 5ರ ನಿಧಿ ಇರುತ್ತದೆ. ಬಾಯಲ್ಲಿ ಕೇಳಿ ಬರಬೇಡಿ. ಅರ್ಜಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ಮೇಸ್ತ್ರಿ

ತುಳುವೋ ಹಿಂದಿಯೋ ಆಡುವವರು ಸಿಗಬಹುದು. ನೆಲದ ಮೇಲೆ ಸುಣ್ಣದ ಗೆರೆ ಎಳೆದು ಉದ್ದ ತೋರಿಸಿದರೆ ಭಾಷೆ ಅಡ್ಡಬರುವುದಿಲ್ಲ. ಕೊನೆಯ ಕಂತು ಕೊಡುವ ಮೊದಲು ಮನೆಯ ಗಟ್ಟಿ ಆಳೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ದಿನವೂ ತಳ್ಳಬೇಕಾದವರೇ ತಳ್ಳಿ ನೋಡಿ.