ಕಿಡ್ನಿ ಕಾಯಿಲೆ ಎಷ್ಟು ವೇಗದಲ್ಲಿ ಸಾಗುತ್ತಿದೆ? ರಿಪೋರ್ಟುಗಳನ್ನು ಸಾಲಾಗಿ ಓದುವ ಕ್ರಮ

‘ಡಯಾಲಿಸಿಸ್ ಬೇಕಾಗುವುದು ಯಾವಾಗ?’ ಕ್ರಿಯಾಟಿನಿನ್ (ಸ್ನಾಯುಗಳಿಂದ ರಕ್ತಕ್ಕೆ ಬರುವ, ಕಿಡ್ನಿ ಸೋಸಿ ಹೊರಹಾಕುವ ಕಸ) ಏರಿದೆ ಎಂದ ಕೂಡಲೇ ಮನೆಯವರು ಕೇಳುವ ಪ್ರಶ್ನೆ ಇದು. ಒಂದೇ ರಿಪೋರ್ಟ್ ನೋಡಿ ಉತ್ತರಿಸಲು ಯಾವ ಡಾಕ್ಟರಿಗೂ ಆಗದು. ಹಿಂದಿನವೂ ಕೈಯಲ್ಲಿದ್ದರೆ ಅಂದಾಜಾದರೂ ಸಿಗುತ್ತದೆ. ಒಂದು ಪುಸ್ತಕದಲ್ಲಿ ತಾರೀಕು, ಕ್ರಿಯಾಟಿನಿನ್, ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜು), ಮೂತ್ರದ ಎಸಿಆರ್ (ಮೂತ್ರದಲ್ಲಿ ಸೋರುವ ಅಲ್ಬುಮಿನ್ ಪ್ರೋಟೀನಿನ ಅಳತೆ), ಬಿಪಿ ಬರೆಯುತ್ತಾ ಹೋಗಿ. ಆ ವಾರ ಜ್ವರ, ವಾಂತಿಭೇದಿ, ಹೊಸ ಮಾತ್ರೆ ಏನಾದರೂ ಇತ್ತೇ ಎಂದು ಪಕ್ಕದಲ್ಲಿ ಬರೆದಿಡಿ. ಮುಂದೆ ಹೆಚ್ಚು ಉಪಯೋಗಕ್ಕೆ ಬರುವುದು ಆ ಟಿಪ್ಪಣಿಯೇ.

55 ವರ್ಷದ ಗಂಡಸಿನ ಕ್ರಿಯಾಟಿನಿನ್ 1.6 ಇದ್ದರೆ, 2021ರ ಸಿಕೆಡಿ-ಎಪಿ ಸೂತ್ರದಂತೆ ಇಜಿಎಫ್‌ಆರ್ ಸುಮಾರು 51, 1.8 ಆದರೆ 44. ಕಾಗದದ ಮೇಲೆ ಕಾಯಿಲೆ 3ಎ ಹಂತ (ಇಜಿಎಫ್‌ಆರ್ 45-59) ದಾಟಿ 3ಬಿಗೆ (30-44) ಬಂದಾಯಿತು. ಆದರೆ ಶೇ. 20ರೊಳಗಿನ ವ್ಯತ್ಯಾಸ ಬರೀ ಪರೀಕ್ಷೆಯ ಏರಿಳಿತವೂ ಇರಬಹುದು. ಅದೇ 0.2 ಏರಿಕೆ 4.0ರಿಂದ 4.2ಕ್ಕಾದರೆ ಇಜಿಎಫ್‌ಆರ್ 17ರಿಂದ 16ಕ್ಕೆ ಇಳಿಯುತ್ತದೆ, ಅಷ್ಟೆ. ಹಾಗಾಗಿ ಇಜಿಎಫ್‌ಆರ್ ಅನ್ನೇ ಹೋಲಿಸಿ ನೋಡಿ. ವರ್ಷಕ್ಕೆ 5ಕ್ಕಿಂತ ಹೆಚ್ಚಿನ ಇಳಿತ ಬಿಡದೆ ಮುಂದುವರಿದರೆ ಅದು ವೇಗದ ಇಳಿತ.

ಒಮ್ಮೆ ಮಂಗಳೂರಲ್ಲಿ, ಒಮ್ಮೆ ಉಡುಪಿಯಲ್ಲಿ ಟೆಸ್ಟ್ ಮಾಡಿಸಬೇಡಿ. ಒಂದು ಲ್ಯಾಬಿನಲ್ಲಿ ಜಾಫೆ ವಿಧಾನ, ಇನ್ನೊಂದರಲ್ಲಿ ಎನ್‌ಜೈಮ್ ವಿಧಾನ ಇದ್ದರೆ ಅಂಕಿ ತಾಳೆಯಾಗದು. ರಕ್ತ ಕೊಡುವ 12 ಗಂಟೆ ಮೊದಲಿಂದ ಕೋರಿರೊಟ್ಟಿ, ಸುಕ್ಕ ಬೇಡ. ಬೇಯಿಸಿದ ಮಾಂಸವೇ ಕ್ರಿಯಾಟಿನಿನ್ ಏರಿಸುತ್ತದೆ. ಏಪ್ರಿಲ್-ಮೇ ಸೆಕೆಯಲ್ಲಿ ಬೆವರಿ, ನೀರೂ ಕುಡಿಯದೆ ಹೋದರೂ ಹಾಗೆಯೇ. ತುಂಬ ಸೊರಗಿದವರಲ್ಲಿ ಇದು ತಿರುಗುಮುರುಗಾಗುತ್ತದೆ: ಸ್ನಾಯು ಕರಗಿದ್ದರಿಂದ ಕ್ರಿಯಾಟಿನಿನ್ ಕಡಿಮೆಯಾಗಿ, ಕಿಡ್ನಿ ಸುಧಾರಿಸಿದಂತೆ ತೋರುತ್ತದೆ. ಅಂಥವರಿಗೆ, ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ಬೇಕೇ ಎಂದು ಕೇಳಿ. ಎಸಿಆರ್‌ಗೆ ಬೆಳಗಿನ ಮೊದಲ ಮೂತ್ರ ಕೊಡಿ. ಜ್ವರ, ಉರಿಮೂತ್ರ ಇರುವಾಗ ಬೇಡ. ಎಸಿಆರ್ 300 ದಾಟಿದರೆ ಇಜಿಎಫ್‌ಆರ್ ಚೆನ್ನಾಗಿದ್ದರೂ ಅಪಾಯ ಹೆಚ್ಚು.

ನಮ್ಮ ಕರಾವಳಿಯಲ್ಲಿ ಅಂದಾಜು ಕೆಡಿಸುವುದು ಮಳೆಗಾಲ. ಗದ್ದೆಗಿಳಿದವರಿಗೆ ಇಲಿಜ್ವರ ಬಂದರೆ ಕಿಡ್ನಿಗೆ ನಾಲ್ಕೇ ದಿನದಲ್ಲಿ ಪೆಟ್ಟು ಬೀಳಬಹುದು. ಇಳಿಜಾರಿನಂತೆ ಸಾಗುತ್ತಿದ್ದ ಇಜಿಎಫ್‌ಆರ್ ಗೆರೆ ಮೆಟ್ಟಿಲಿನಂತೆ ಕುಸಿಯುತ್ತದೆ. ಸ್ವಲ್ಪ ಮೇಲೆ ಬರಲೂಬಹುದು. ಗುಣವಾಗಿ ಮೂರು ತಿಂಗಳಾದ ಮೇಲೆ ಟೆಸ್ಟ್ ಮಾಡಿಸಿ, ಲೆಕ್ಕವನ್ನು ಅಲ್ಲಿಂದ ಹೊಸದಾಗಿ ಶುರುಮಾಡಿ. ಮೈಕೈ ನೋವಿಗೆ ಡೈಕ್ಲೊಫೆನಾಕ್ ನುಂಗುವುದು, ಕೊಲೆಸ್ಟ್ರಾಲಿಗೆಂದು ಬಿಂಬುಳಿ ರಸ ಕುಡಿಯುವುದು ಕೂಡ ಇಂಥದ್ದೇ ಪೆಟ್ಟು. ಬಿಂಬುಳಿಯ ಆಕ್ಸಲೇಟ್ ಕಿಡ್ನಿಯಲ್ಲಿ ಹರಳುಗಟ್ಟುತ್ತದೆ.

ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ ಶುರುವಾದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್ ಶೇ. 30ರವರೆಗೆ ಏರಿದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ಹೆದರಿ ನೀವಾಗಿ ಬಿಡಬೇಡಿ. ಪೊಟ್ಯಾಸಿಯಂ ರಿಪೋರ್ಟ್ ಜೊತೆ ಡಾಕ್ಟರಿಗೆ ತೋರಿಸಿ.

ಇಜಿಎಫ್‌ಆರ್ 60ಕ್ಕಿಂತ ಕೆಳಗಿದ್ದರೆ ಕೆಎಫ್‌ಆರ್‌ಇ (ಕಿಡ್ನಿ ಸೋಲುವ ಅಪಾಯ ಅಂದಾಜಿಸುವ ಸೂತ್ರ) ಲೆಕ್ಕ ಹಾಕಿಸಬಹುದು. ವಯಸ್ಸು, ಲಿಂಗ, ಇಜಿಎಫ್‌ಆರ್, ಎಸಿಆರ್ ಕೊಟ್ಟರೆ ಎರಡು ಮತ್ತು ಐದು ವರ್ಷದೊಳಗೆ ಕಿಡ್ನಿ ಪೂರ್ತಿ ಸೋಲುವ ಸಂಭವ ಎಷ್ಟೆಂದು ಹೇಳುತ್ತದೆ. ಶೇ. 20 ಬಂದರೆ, ಇಂಥದ್ದೇ ಅಂಕಿಗಳಿರುವ ನೂರು ಜನರಲ್ಲಿ ಇಪ್ಪತ್ತು ಮಂದಿಗೆ ಎಂದರ್ಥ. ನೀವು ಆ ಇಪ್ಪತ್ತರಲ್ಲೋ ಉಳಿದ ಎಂಬತ್ತರಲ್ಲೋ ಎಂದು ಅದು ಹೇಳದು. ಮುಂದಿನ ಮಳೆಗಾಲದ ಇಲಿಜ್ವರವೂ ಅದರ ಲೆಕ್ಕದಲ್ಲಿಲ್ಲ. ವಯಸ್ಸಾದ ಹೃದ್ರೋಗಿಗಳಲ್ಲಿ ಅಪಾಯವನ್ನು ಹೆಚ್ಚಾಗಿಯೇ ತೋರಿಸಬಹುದು.

ಎರಡು ವರ್ಷದ ಅಪಾಯ ಶೇ. 40 ದಾಟಿದರೆ ಡಯಾಲಿಸಿಸ್, ಕಸಿ ಎರಡರ ಬಗ್ಗೆಯೂ ನೆಫ್ರಾಲಜಿಸ್ಟ್ ಹತ್ತಿರ ಕೂತು ಮಾತಾಡಿ. ಡಯಾಲಿಸಿಸ್‌ಗೆಂದು ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡುವ ಫಿಸ್ಟುಲಾ ಹದಕ್ಕೆ ಬರಲು ತಿಂಗಳುಗಳೇ ಬೇಕು. ಅದಕ್ಕಾಗಿ ಈಗಿನಿಂದಲೇ, ಬಲಗೈ ಬಳಸುವವರಾದರೆ ಎಡಗೈಯ ರಕ್ತನಾಳಕ್ಕೆ ಸೂಜಿ ಚುಚ್ಚಲು ಬಿಡಬೇಡಿ. ರಕ್ತ ತೆಗೆಯುವುದಿದ್ದರೆ ಅಂಗೈ ಹಿಂಭಾಗದಿಂದ ತೆಗೆಯಲು ಹೇಳಿ.