ಮಳೆಗಾಲದಲ್ಲಿ ಅಜ್ಜ-ಅಜ್ಜಿ ಕೂತಲ್ಲೇ ಕೂರದಂತೆ ಏನು ಮಾಡಬೇಕು?

ನಮ್ಮ ಕರಾವಳಿಯ ಹಿರಿಯರಿಗೆ ವರ್ಷದ ಎಂಟು ತಿಂಗಳು ವ್ಯಾಯಾಮದ ಪಾಠ ಹೇಳಬೇಕಾಗಿಯೇ ಇಲ್ಲ. ಮಂಗಳೂರಿನವರು ಕದ್ರಿ ಪಾರ್ಕಿಗೆ ಹೋಗುತ್ತಾರೆ, ಉಡುಪಿಯವರು ಅಜ್ಜರಕಾಡಿನಲ್ಲೋ ರಥಬೀದಿಯಲ್ಲೋ ಸುತ್ತು ಹಾಕುತ್ತಾರೆ, ಕಾರ್ಕಳ, ಬೆಳ್ತಂಗಡಿ ಕಡೆಯ ಹಳ್ಳಿಯವರನ್ನು ಅಡಿಕೆ ತೋಟವೇ ಬೇಕಾದಷ್ಟು ನಡೆಸುತ್ತದೆ. ಎಲ್ಲ ಹಾಳಾಗುವುದು ಜೂನ್‌ನಿಂದ ಸೆಪ್ಟೆಂಬರ್ ತನಕ. ಪೇಟೆಯವರು ಸೋಫಾ ಹಿಡಿಯುತ್ತಾರೆ, ಹಳ್ಳಿಯವರು ಜಗಲಿ ಹಿಡಿಯುತ್ತಾರೆ. ಎಪ್ಪತ್ತು ದಾಟಿದ ಮೇಲೆ ಕಾಲಿನ ಶಕ್ತಿ ಒಮ್ಮೆ ಇಳಿದರೆ ದೀಪಾವಳಿಗೆ ತಾನಾಗಿ ವಾಪಸ್ ಬರುತ್ತದೆ ಅಂತ ನಂಬಬೇಡಿ.

65 ದಾಟಿದವರಿಗೂ ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಟ್ಟಿಗೇ ನಡೆಯಬೇಕೆಂದಿಲ್ಲ, ಹತ್ತು ಹತ್ತು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಫ್ಲ್ಯಾಟಿನವರಿಗೆ ಕೆಳಗಿನ ಪಾರ್ಕಿಂಗ್ ಇದೆ, ಹಳ್ಳಿಯವರಿಗೆ ಉದ್ದ ಜಗಲಿ ಇದೆ.

ಆದರೆ ನನ್ನನ್ನು ಕೇಳಿದರೆ ನಡಿಗೆಗಿಂತ ಮುಖ್ಯ ಕುರ್ಚಿಯಿಂದ ಏಳುವುದು. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈ ಎದೆ ಮೇಲೆ ಕಟ್ಟಿಕೊಂಡು ಪೂರ್ತಿ ಎದ್ದು ನಿಂತು, ದೊಪ್ಪೆಂದು ಬೀಳದೆ ಮೆಲ್ಲ ಕೂರಬೇಕು. ಮೊದಲು ಐದು ಸಲ ಸಾಕು. ಧಾರಾವಾಹಿ ಮಧ್ಯೆ ಜಾಹೀರಾತು ಬಂದಾಗಲೆಲ್ಲ ಮಾಡಿಸಿ, ಬೇರೆ ಸಮಯ ಹುಡುಕಬೇಕಾಗಿಲ್ಲ. 70–74ರ ಹೆಂಗಸರಿಗೆ 30 ಸೆಕೆಂಡಿನಲ್ಲಿ 10 ಸಲ, ಗಂಡಸರಿಗೆ 12 ಸಲ ಏಳಲು ಆಗದಿದ್ದರೆ ಬೀಳುವ ಅಪಾಯ ಜಾಸ್ತಿ ಅಂತ ಅರ್ಥ. ಮೊದಲ ದಿನ ಪಕ್ಕದಲ್ಲಿ ಯಾರಾದರೂ ನಿಂತಿರಿ. ಮಂಡಿನೋವು, ಎದೆನೋವು ಇದ್ದವರು ಡಾಕ್ಟರನ್ನು ಕೇಳಿಯೇ ಶುರುಮಾಡಲಿ.

ಬೀಳುವ ಮಾತು ಬಂತಲ್ವಾ, ಅಂಗಳದ ಪಾಚಿಯನ್ನು ಜೂನಿಗೆ ಮೊದಲೇ ಉಜ್ಜಿ ತೆಗೆಯಿರಿ. ಬಚ್ಚಲು ಹೊರಗಿರುವ ಹಳೇ ಮನೆಗಳಲ್ಲಿ ದಾರಿಗೆ ಅಡಿಕೆ ಸೋಗೆ ಹಾಸುವ ಅಭ್ಯಾಸ ಸುಮ್ನೆ ಬಂದದ್ದಲ್ಲ, ಅದನ್ನು ಬಿಡಬೇಡಿ. ಸವೆದ ಹವಾಯಿ ಚಪ್ಪಲಿ ಎಸೆಯಿರಿ. ದಿಂಬಿನ ಹತ್ತಿರ ಟಾರ್ಚ್ ಇರಲಿ, ಕರೆಂಟ್ ಯಾವಾಗ ಹೋಗುತ್ತದೆ ಅಂತ ನಮ್ಮೂರಲ್ಲಿ ಯಾರಿಗೆ ಗೊತ್ತು! ತೋಟಕ್ಕೆ ಇಳಿಯಲೇಬೇಕು ಅನ್ನುವ ಅಜ್ಜನಿಗೆ ಗಂಬೂಟು ಕೊಡಿಸಿ. ಕಾಲಲ್ಲಿ ಗಾಯವಿದ್ದರೆ ಕೆಸರು ನೀರಿನಿಂದ ಇಲಿಜ್ವರ ಹತ್ತುತ್ತದೆ, ಸಕ್ಕರೆ ಕಾಯಿಲೆಯವರಿಗೆ ಆ ಗಾಯವೂ ಬೇಗ ಮಾಯುವುದಿಲ್ಲ.

ಇನ್ನು ಊಟ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ತಾಜಾ ಮೀನು ಕಡಿಮೆ. ಆಗ ಕುಚ್ಚಲಕ್ಕಿ ಗಂಜಿಗೆ ಒಣಮೀನು, ಉಪ್ಪಿನಕಾಯಿ, ಹಪ್ಪಳ ಜೊತೆಯಾಗುತ್ತವೆ. ಮೀನು ತಿನ್ನದ ಮನೆಗಳಲ್ಲಿ ಉಪ್ಪುಸೊಳೆ, ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟಬಾರದು. ಇಲ್ಲಿ ಬೆಳಗಿನ ಗಂಜಿಗೇ ಅದರಲ್ಲಿ ದೊಡ್ಡ ಪಾಲು ಮುಗಿದಿರುತ್ತದೆ. ಬಿಡಿ ಅಂದರೆ ಯಾರೂ ಬಿಡುವುದಿಲ್ಲ, ನಾನೂ ಬಿಡುವುದಿಲ್ಲ. ಒಣಮೀನನ್ನೂ ಸೊಳೆಯನ್ನೂ ಚೆನ್ನಾಗಿ ನೆನೆಹಾಕಿ, ನೀರು ಎರಡು ಮೂರು ಸಲ ಚೆಲ್ಲಿ, ಆಮೇಲೆ ಬೇರೆ ಉಪ್ಪು ಹಾಕದೆ ಅಡುಗೆ ಮಾಡಿ. ಗಂಜಿ ಜೊತೆ ಹೆಸರುಕಾಳಿನ ಪಲ್ಯವೋ ಮೊಟ್ಟೆಯೋ ಇರಲಿ, ಕಾಲಿಗೆ ಬಲ ಬರುವುದು ಬರೀ ಅನ್ನದಿಂದಲ್ಲ.

ಮಾತ್ರೆ ಎರಡು ವಾರದಷ್ಟು ಜಾಸ್ತಿ ತಂದಿಡಿ. ಮಳೆ ಅಂತ ಬಿಪಿ ನೋಡಿಸುವುದನ್ನು ಮುಂದೂಡುವವರೇ ಹೆಚ್ಚು. ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ, ಪೇಟೆಯಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’ನಲ್ಲಿ ದುಡ್ಡಿಲ್ಲದೆ ನೋಡುತ್ತಾರೆ. ಮಳೆ ಸ್ವಲ್ಪ ಬಿಟ್ಟ ದಿನ ಆಟೋದಲ್ಲಿ ಕೂರಿಸಿಕೊಂಡು ಹೋಗಿ ಬನ್ನಿ.